ಕಾರ್ ಆಂಪ್ಲಿಫೈಯರ್‌ಗೆ ಪವರ್ ಕೇಬಲ್ ಯಾವ್ದು ಹಾಕ್ಸಬೇಕ್ರಿ? 1,200ರದ್ದೋ 4,800ರದ್ದೋ?

ಗೋಕುಲರೋಡ್_ಸ್ವಿಫ್ಟ್
ನಮಸ್ಕಾರ್ರಿ ಎಲ್ಲಾರ್ಗೂ. ನಂದು 2014ರ ಪೆಟ್ರೋಲ್ ಸ್ವಿಫ್ಟ್. ಹೋದ ತಿಂಗಳ ಡಿಕ್ಕ್ಯಾಗ ಒಂದ 12 ಇಂಚಿನ ಸಬ್‌ವೂಫರ್ ಕುಂದ್ರಿಸೇನಿ, ಅದಕ್ಕ 300 ವ್ಯಾಟ್ ಆರ್‌ಎಂಎಸ್ (ಸತತ ಕೊಡೋ ಪವರ್) ಮೊನೊ (ಒಂದ ಚಾನೆಲ್) ಆಂಪ್, ಬಾಗಲದಾಗಿನ ಸ್ಪೀಕರಿಗೆ ಚಾನೆಲ್ಲಿಗೆ 50 ವ್ಯಾಟಿನ ನಾಕ್ ಚಾನೆಲ್ ಆಂಪ್. ಅಂಗಡ್ಯಾಂವ "ನಾಕ್ ಗೇಜ್ ಕಿಟ್ ಹಾಕೇನಿ ಸಾಹೇಬ್ರ, ಬಿಂದಾಸ್ ಇರ್ರಿ" ಅಂದು ಕಿಟ್ಟಿಗೆ 1,200 ರೂಪಾಯಿ ತಗೊಂಡ. ಈಗ ತಕರಾರು ಏನಂದ್ರ ರಾತ್ರಿ ಸಿಗ್ನಲ್‌ನ್ಯಾಗ ನಿಂತಾಗ ಬೇಸ್ ಬಡದ ಕೂಡ್ಲೆ ಹೆಡ್‌ಲೈಟ್ ಮಿಣಮಿಣ ಅಂತಾವು, ವಾಲ್ಯೂಮ್ ಏರಿಸಿದ್ರ ಸಬ್ ದಮ್ ಕಳಕೊಂಡಂಗ ಆಗತೈತಿ, ಅರ್ಧಾ ತಾಸ ಜೋರ್ ಹಚ್ಚಿದ್ರ ಕೇಬಲ್ ಮುಟ್ಟಿದ್ರ ಬೆಚ್ಚಗ. ಇನ್ನೊಬ್ಬ ಅಂಗಡ್ಯಾಂವಗ ತೋರಿಸ್ದೆ, "ಇದ ಹಾಕಿದಾಂವ ನಿಮಗ ಟೋಪಿ ಹಾಕ್ಯಾನ, ಓಎಫ್‌ಸಿ (ಆಕ್ಸಿಜನ್ ಇಲ್ಲದ ತಾಮ್ರ) ಹಾಕ್ಸರಿ, 4,800 ಆಗತೈತಿ" ಅಂದ. ಒಂದ ವೈರಿಗೆ ನಾಕ್ ಸಾವಿರದ ಎಂಟನೂರಾ? ಯಾರ ಟೋಪಿ ಹಾಕಾಕತ್ತಾರ ಅನ್ನೋದ ತಿಳಿವಲ್ದು. ಗೊತ್ತಿದ್ದವ್ರು ಹೇಳ್ರಿ.

ಚಿಗರಿ_ಬಸ್
ಇಬ್ರೂ ಹಾಕ್ಯಾರ. ಸೈಜ್ ಬ್ಯಾರೆ ಬ್ಯಾರೆ.

ಬೆಂಗ್ಳೂರಾಗಿನ_ಹುಬ್ಳಿ
ಬ್ರೋ ಓಎಫ್‌ಸಿನ ಹಾಕ್ಸು, ಯೋಚನಿ ಮಾಡಬ್ಯಾಡ. ನಾ ನನ್ನ ಗಾಡಿಗೆ 1/0 ಗೇಜ್ ಎಳಸೇನಿ, ಆಕ್ಸಿಜನ್ ಇಲ್ಲದ ತಾಮ್ರ, ಸೌಂಡ್ ಏನ್ ಕ್ಲಿಯರ್ ಅಂತಿ! ಹೈ ನೋಟ್ ಎಲ್ಲಾ ಸ್ಫಟಿಕ ಇದ್ದಂಗ ಕೇಳಸ್ತಾವು. ಕೇಬಲ್ಲಿಗೆ ಕಂಜೂಸ್‌ತನ ಮಾಡಿದ್ರ ಆಂಪಿಗೆ ಹಾಕಿದ ರೊಕ್ಕ ನೀರಾಗ ಹೋಮ.

ವೈರಮನ್_ಕಾಕಾ
ಪವರ್ ವೈರಿನ್ಯಾಗ ಹೈ ನೋಟ್ ಹರಿತೈತಿ ಅಂತ ಇವತ್ತ ಗೊತ್ತಾತ್ ನೋಡಪಾ. ಗದಗದಾಗ 26 ವರ್ಷ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡೇನಿ, ಪವರ್ ವೈರಿನ್ಯಾಗ ಕರೆಂಟ್ ಬಿಟ್ಟ ಬ್ಯಾರೆ ಏನೂ ಹರಿಯೂದ ನಾ ನೋಡಿಲ್ಲ.

ಸ್ವಿಫ್ಟ್ ತಮ್ಮಾ, ಮೊದಲ ಒಂದ ಕೆಲಸ ಮಾಡು. ಡಿಕ್ಕಿ ಕಡೆ ಕೇಬಲ್ಲಿನ ತುದಿ ಬಿಚ್ಚಿ ಒಂದ ಎಳಿ ಹಿಡದು ಬ್ಲೇಡಿಲೆ ಕೆರಿ. ಒಳಗೂ ಕೆಂಪಗ ಇದ್ರ ತಾಮ್ರ. ಬೆಳ್ಳಗ ಬಂತಂದ್ರ ಅದು ಸಿಸಿಎ, ಅಂದ್ರ ಅಲ್ಯುಮಿನಿಯಂ ಎಳಿಗೆ ಮ್ಯಾಲೆ ತಾಮ್ರದ ಪದರ. ಆಂಪಿಗೆ ಹಾಕಿದ ತುದಿ ಮುಟ್ಟೂ ಮೊದ್ಲ ಬ್ಯಾಟರಿ ಮೈನಸ್ ತಗಿ, ನಿಮ್ಮ ಮಾರುತಿಗೆ 10 ನಂಬರ್ ಪಾನಾ ಸಾಕು.

ಸಪ್ತಾಪುರದಾಂವ
ಕಾಕಾ ಹೇಳಿದ್ದು ಬರೋಬ್ಬರಿ ಅದ. ನಾ ಸ್ವಲ್ಪ ಲೆಕ್ಕಾ ಕೂಡಸ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಮಾಸ್ತರಕಿ ಚಟಾ.

ಗೇಜ್ ಅಂದ್ರ ಅಮೆರಿಕದ ಎಡಬ್ಲ್ಯುಜಿ ಲೆಕ್ಕ. ನಂಬರ್ ಕಡಿಮಿ ಆದಂಗ ತಂತಿ ದಪ್ಪ, ಮೂರ ನಂಬರ್ ಕೆಳಗ ಹೋದ್ರ ಹೆಚ್ಚುಕಡಿಮಿ ಡಬಲ್. 8 ಗೇಜ್ ಅಂದ್ರ 8.4 ಚದರ ಎಂಎಂ, 4 ಗೇಜ್ ಅಂದ್ರ 21, 1/0 ಅಂದ್ರ 53. ಇದು ಒಳಗಿನ ಲೋಹದ ಅಳತಿ, ಮ್ಯಾಲಿನ ಪ್ಲಾಸ್ಟಿಕ್ಕಿಂದಲ್ಲ. ಅಂಗಡ್ಯಾಗ ಮಾರೋ ಸೋವಿ ಕಿಟ್ಟಿನ್ಯಾಗ ಹೊರಗಿನ ದಪ್ಪ 4 ಗೇಜಿಂದ ಇರ್ತದ, ಒಳಗಿನ ಲೋಹ ಅರ್ಧಾನೂ ಇರೂದಿಲ್ಲ. ಸೀರಿ ಅಗಲ ನೋಡಿ ಬಾರ್ಡರ್ ಜರಿ ಅಂತ ನಂಬಿದಂಗ.

ಈಗ ನಿಮ್ಮ ಆಂಪ್. ಮೊನೊ ಕ್ಲಾಸ್ ಡಿ ನಮೂನಿದು ಇರಬೇಕು, ಹಾಕಿದ ಪವರ್‌ನ್ಯಾಗ ಸುಮಾರು 80% ಸ್ಪೀಕರಿಗೆ ಮುಟ್ಟಸ್ತದ. 300ನ್ನ 0.8ಕ್ಕ ಭಾಗಿಸಿ, ಮತ್ತ 13.5 ವೋಲ್ಟಿಗೆ ಭಾಗಿಸಿದ್ರ 28 ಆಂಪಿಯರ್. ನಾಕ್ ಚಾನೆಲ್ಲಿಂದು ಕ್ಲಾಸ್ ಎಬಿ ಇದ್ರ 55% ಹಿಡೀರಿ, 200 ವ್ಯಾಟಿಗೆ 27 ಆಂಪಿಯರ್. ಕೂಡಿ 55. ಇದು ಪೂರ್ತಿ ದಮ್ ಹಿಡಕೊಂಡು ಒಂದ ಟೋನ್ ಹಚ್ಚಿದಾಗಿನ ಮಾತು, ಹಾಡಿನ್ಯಾಗ ಸರಾಸರಿ ಇದಕ್ಕಿಂತ ಭಾಳ ಕಡಿಮಿ ಬರ್ತದ.

ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಹಿಡದ್ರ, ಖರೇ 4 ಗೇಜ್ ತಾಮ್ರದಾಗ ಕಳಕೊಳ್ಳೋದು 0.22 ವೋಲ್ಟ್ ಅಷ್ಟ. ಇದು ನಡೀತದ. ನಿಮ್ಮಲ್ಲಿ ಎಷ್ಟ ಹೊಂಟದ ಅನ್ನೋದು ಒಳಗಿನ ಲೋಹ ನೋಡಿದ ಮ್ಯಾಲೆ ಹೇಳಬಹುದು. ಎಳಿ ಎಷ್ಟವ ಎಣಸ್ರಿ, ಸ್ಕ್ರೂ ಗೇಜಿಲೆ ಒಂದ ಎಳಿ ದಪ್ಪ ಅಳೀರಿ, ಬರದು ಹಾಕ್ರಿ.

ಬ್ಯಾಡಗಿ_ಖಾರ
ಎಳಿ ಎಣಿಸಬೇಕಂತ! ಮಾಸ್ತರ ಹೋಂವರ್ಕ್ ಕೊಟ್ರು 😂

ಗೋಕುಲರೋಡ್_ಸ್ವಿಫ್ಟ್
ಎಣಿಸೇನ್ರಿ ಮಾಸ್ತರ. ನಗಬ್ಯಾಡ್ರಿ. ಅಕ್ಕನ ಮಗ ವಿದ್ಯಾನಗರದ ಕಾಲೇಜಿನ್ಯಾಗ ಇಂಜಿನಿಯರಿಂಗ್ ಓದ್ತಾನ, ಅಂವನ ಕಡಿಂದ ಸ್ಕ್ರೂ ಗೇಜ್ ತರಿಸಿದೆ. ಉಳದ ಒಂದ ಗೇಣ ತುಂಡ ಮನ್ಯಾಗ ಬಿದ್ದಿತ್ತು. 240 ಎಳಿ, ಎರಡ ಸಲ ಎಣಿಸಿದ್ವಿ, ಒಂದೊಂದು 0.25 ಎಂಎಂ. ಬ್ಲೇಡಿಲೆ ಕೆರದ್ರ ಕಾಕಾ ಹೇಳಿದಂಗ ಒಳಗ ಬೆಳ್ಳಿ ಆಗೇತಿ ನನ್ನ ಹಣೇಬಾರಾ. ಕೇಬಲ್ ಮ್ಯಾಲೆ ಮಾತ್ರ ದೊಡ್ಡ ಅಕ್ಷರದಾಗ ನಾಕ್ ಗೇಜ್ ಅಂತ ಬರದಾರ.

ಸಪ್ತಾಪುರದಾಂವ
0.25 ಎಂಎಂ ಎಳಿದು ಕ್ಷೇತ್ರಫಲ 0.049. ಅದನ್ನ 240ರಲೆ ಗುಣಿಸಿದ್ರ 11.8 ಚದರ ಎಂಎಂ. ಇರಬೇಕಾಗಿದ್ದು 21. ಅದರ ಮ್ಯಾಲೆ ಸಿಸಿಎ. ಸಿಸಿಎದ ವಾಹಕತೆ ತಾಮ್ರದ್ದರ ಸುಮಾರು 63% ಅಷ್ಟ. ಅಂದ್ರ ನಿಮ್ಮ ಹತ್ರ ಇರೋದು ತಾಮ್ರದ ಲೆಕ್ಕದಾಗ 7.4 ಚದರ ಎಂಎಂ. ನಾಕ್ ಗೇಜ್ ಅಂತ ರೊಕ್ಕಾ ಕೊಟ್ಟು ಎಂಟ್ ಗೇಜಿಗಿಂತ ಸಣ್ಣದು ತಂದೀರಿ. 55 ಆಂಪಿಯರಿಗೆ ಇದರಾಗ 0.6 ವೋಲ್ಟ್ ಮ್ಯಾಲೆ ಹೊಂಟದ, ಅದು ಶಾಖ ಆಗಿ ಹೋಗ್ತದ. ಅದಕ್ಕ ಬೆಚ್ಚಗ.

ಮೋಡಕಾ_ಮಾಮಾ
ನಂದ ಹುಬ್ಬಳ್ಯಾಗ ಮೋಡಕಾ (ಗುಜರಿ) ಅಂಗಡಿ, ಸ್ಪೀಕರ್ ಬಗ್ಗೆ ಏನೂ ಗೊತ್ತಿಲ್ಲ, ತಾಮ್ರ ಗೊತ್ತು. ಈ ಕಾರ್ ವೈರ್ ಹುಡುಗೂರು ತಾಮ್ರ ಅಂತ ತರ್ತಾರ, ನಾ ಕೈಯಾಗ ಹಿಡದ ಕೂಡ್ಲೆ ವಾಪಸ್ ಕೊಡ್ತೇನಿ. ಹಗುರ ಇರತೈತಿ. ತಾಮ್ರದ ಒಂದ ಸಿಸಿ 9 ಗ್ರಾಂ ಹತ್ರ ತೂಗತೈತಿ, ಅಲ್ಯುಮಿನಿಯಂ 2.7. ತಾಮ್ರದ ಅಂಗಿ ಹಾಕ್ಕೊಂಡ್ರ ಅಲ್ಯುಮಿನಿಯಂ ಏನ್ ತಾಮ್ರ ಆಗತೈತೇನು?

ಎಳಿ ಎಣಿಸಾಕ ವ್ಯಾಳ್ಯಾ ಇಲ್ದವ್ರಿಗೆ ಒಂದ ದಾರಿ ಹೇಳ್ತೇನಿ. ನಾಕ್ ಗೇಜ್ ಖರೇ ತಾಮ್ರ ಇದ್ರ ಒಂದ ಮೀಟರಿಗೆ ಬರೇ ಲೋಹ 188 ಗ್ರಾಂ ಇರಬೇಕು. ಐದ ಮೀಟರಿಗೆ 940 ಗ್ರಾಂ. ಸಿಪ್ಪಿ ಬ್ಯಾರೆ. ತಕ್ಕಡ್ಯಾಗ ಇಡ್ರಿ, ಒಂದ ಕೇಜಿ ದಾಟಲಿಲ್ಲ ಅಂದ್ರ ಅಂಗಡ್ಯಾಂವನ ಮುಂದ ಇಡ್ರಿ.

ಮತ್ತ ಒಂದ ಮಾತು. 1,200ಕ್ಕ ಕಿಟ್, ಅದರಾಗ ಫ್ಯೂಸು, ಆರ್‌ಸಿಎ (ಹಾಡಿನ ಸಿಗ್ನಲ್ ಒಯ್ಯೋ) ವೈರು, ಡಬ್ಬಿ, ಅಂಗಡ್ಯಾಂವನ ಲಾಭ. ಇದರಾಗ ಒಂದ ಕೇಜಿ ತಾಮ್ರ ಎಲ್ಲಿಂದ ಬರ್ಬೇಕು? ಮೋಡಕಾ ರೇಟಿನ್ಯಾಗೂ ಬರಂಗಿಲ್ಲ.

ಚಿಗರಿ_ಬಸ್
ಮಾಮಾ ಒಂದ ಮಾತಿನ್ಯಾಗ ಇಡೀ ಮಾರ್ಕೆಟ್ ಬಿಚ್ಚಿ ಇಟ್ಟ 👏

ಬೆಂಗ್ಳೂರಾಗಿನ_ಹುಬ್ಳಿ
ಅದನ್ನ ನಾನೂ ಹೇಳಿದ್ದು! ಓಎಫ್‌ಸಿ ಹಾಕ್ಸ್ ಅಂತ!

ಸಪ್ತಾಪುರದಾಂವ
ಅಲ್ಲರೀ, ಸ್ವಲ್ಪ ಫರಕ್ ಅದ. ತಾಮ್ರ ಬೇಕು ಅನ್ನೋದ ಖರೇ. ಓಎಫ್‌ಸಿನ ಬೇಕು ಅನ್ನೋದು ಖರೇ ಅಲ್ಲ. ಮನಿ ವೈರಿಂಗಿಗೆ ಹಾಕೋ ಸಾದಾ ಎಲೆಕ್ಟ್ರಿಕಲ್ ತಾಮ್ರನೂ 99.9% ಶುದ್ಧ ಇರ್ತದ. ಓಎಫ್‌ಸಿ ಆದ್ರ ಅದಕ್ಕಿಂತ ಕೂದಲೆಳಿ ಹೆಚ್ಚು. ಕರೆಂಟಿನ ಲೆಕ್ಕದಾಗ ಎರಡಕ್ಕೂ ಒಂದ ಪರ್ಸೆಂಟೂ ವ್ಯತ್ಯಾಸ ಬರೂದಿಲ್ಲ. ಸಿಸಿಎಕ್ಕೂ ತಾಮ್ರಕ್ಕೂ ಇರೋದು 37% ವ್ಯತ್ಯಾಸ. ಅಂಗಡ್ಯಾಂವ ಎರಡನೇದ್ದರ ಭಯಾ ತೋರಿಸಿ ಮೊದಲನೇದಕ್ಕ ರೊಕ್ಕಾ ತಗೋತಾನ.

ಲಕ್ಷ್ಮೇಶ್ವರದಾಕಿ
ಅಂದ್ರ ನನ್ನ ಸುದ್ದಿ ಹೇಳ್ಬೇಕಾತು. ನಾನು ನನ್ನ ಐ20ಗೆ ಎಲ್ಲಾ ವೈರಿಂಗ್ ಸ್ವಂತ ಮಾಡ್ಕೊಂಡೇನಿ, ವೆಲ್ಡಿಂಗ್ ಕೇಬಲ್ ಹಾಕಿ. 25 ಸ್ಕ್ವೇರ್ ಎಂಎಂ ತಾಮ್ರದ್ದು, ಹೊರಗ ರಬ್ಬರು, ಒಳಗ ಕೂದ್ಲಿನಂಥಾ ಎಳಿ, ಹೆಂಗ ಬೇಕಾದ್ರ ಹಂಗ ಬಾಗತೈತಿ. 25 ಅಂದ್ರ 4 ಗೇಜಿಗಿಂತ ಒಂದ ಕೈ ಮ್ಯಾಲ. ಇಲೆಕ್ಟ್ರಿಕಲ್ ಅಂಗಡ್ಯಾಗ ಮೀಟರ್ ಲೆಕ್ಕದಾಗ ಸಿಗತೈತಿ, ಕಾರ್ ಆಡಿಯೊ ಅಂತ ಬರದಿದ್ದರ ಅರ್ಧಾ ರೇಟಿಗೆ ಬಂತು ನನಗ. ಅಂಗಡ್ಯಾಗ ಹುಡುಗ "ಮೇಡಂ ನಿಮ್ಮ ಯಜಮಾನ್ರು ವೆಲ್ಡಿಂಗ್ ಮಾಡ್ತಾರೇನ್ರಿ" ಅಂದ. ಇಲ್ಲಪಾ, ನಾನ ಬಡೀತೇನಿ, ಬೇಸು ಅಂದೆ.

ಮೂರ ವರ್ಷ ಆತು, ಏನೂ ತಂಟೆ ಇಲ್ಲ. ಒಂದ ಎಚ್ಚರಿಕಿ, ವೆಲ್ಡಿಂಗ್ ಕೇಬಲ್‌ನ್ಯಾಗ ಅಲ್ಯುಮಿನಿಯಂದೂ ಮಾರ್ತಾರ. ತಾಮ್ರ ಅಂತ ಬಾಯಿಲೆ ಕೇಳಿ ಸುಮ್ಮನಾಗಬ್ಯಾಡ್ರಿ, ಕತ್ತರಿಸಿದ ತುದಿ ನೋಡ್ರಿ, ಐಎಸ್ 9857 ಅಂತ ಬರದಿರಬೇಕು ಮ್ಯಾಲೆ.

ವೈರಮನ್_ಕಾಕಾ
ಶಾಬ್ಬಾಸ್ ತಂಗಿ. ಕೇಬಲ್ ತುದಿಗೆ ಬೋಲ್ಟ್ ತೂತಿನ ಲಗ್ ಹೆಂಗ ಹಾಕ್ದಿ?

ಲಕ್ಷ್ಮೇಶ್ವರದಾಕಿ
25-8 ತಾಮ್ರದ ಲಗ್ ಕಾಕಾ, 25 ಸ್ಕ್ವೇರ್ ಕೇಬಲ್, 8 ಎಂಎಂ ಬೋಲ್ಟ್ ತೂತು. ಪಂಪ್‌ಸೆಟ್ ಪ್ಯಾನಲ್ ಮಾಡಾಂವನ ಕಡೆ ಹೈಡ್ರಾಲಿಕ್ ಕ್ರಿಂಪರ್ ಇತ್ತು, ಒಂದ ಚಹಾಕ್ಕ ಒತ್ತಿ ಕೊಟ್ಟ. ಸೋಲ್ಡರ್ ಮಾಡಿಲ್ಲ.

ಬ್ಯಾಡಗಿ_ಖಾರ
ನಾವು ಸುತ್ತಿಗಿಲೆ ಒಂದ ಏಟು. ಮುಗೀತು. ಟ್ರ್ಯಾಕ್ಟರಿಗೆ ಎಲ್ಲಾ ನಡೀತೈತಿ.

ವೈರಮನ್_ಕಾಕಾ
ಸುತ್ತಿಗಿ ಏಟಿನ ಲಗ್ಗ ಆರ ತಿಂಗಳಕ್ಕ ಸಡ್ಲಾಗಿ, ಅಲ್ಲೇ ಕಾದು, ಸಿಪ್ಪಿ ಕರ್ರಗಾಗಿ ನನ್ನ ಅಂಗಡಿಗೆ ಬರತೈತಿ. ಎಷ್ಟ ದಪ್ಪನ ಕೇಬಲ್ ಹಾಕಿದ್ರೂ ಜೋಡಣಿ ಕೆಟ್ಟಿದ್ರ ಉಪಯೋಗಿಲ್ಲ. ಸಿಸಿಎ ಇದ್ರಂತೂ ಇನ್ನೂ ಕಠಿಣ, ಸ್ಕ್ರೂ ಕೆಳಗ ಅಲ್ಯುಮಿನಿಯಂ ಹಂತ ಹಂತವಾಗಿ ಜರೀತೈತಿ, ಇವತ್ತ ಬಿಗಿ ಮಾಡಿದ್ದು ದೀಪಾವಳಿಗೆ ಸಡ್ಲ. ಮತ್ತ ನಾಕ ಸಲ ಬಾಗ್ಸಿದ್ರ ಎಳಿ ಕಡೀತಾವು.

ಬ್ಯಾಡಗಿ_ಖಾರ
ಕಾಕಾ ನಮ್ಮ ಟ್ರ್ಯಾಕ್ಟರಿನ ಸುದ್ದಿ ಕೇಳಿದ್ರ ನೀವು ಎದಿ ಹಿಡ್ಕೋತೀರಿ. ಮಡ್‌ಗಾರ್ಡ್ ಮ್ಯಾಲೆ ಎರಡ ಬಾಕ್ಸು, ಹುಡದಾಗ ನಾಕ ಹಾರ್ನ್ ಟ್ವೀಟರ್, "4500 ವ್ಯಾಟ್" ಅಂತ ಬರದ ಆಂಪು. ಮೆಣಸಿನಕಾಯಿ ಹೇರಿಕೊಂಡು ಮಾರ್ಕೆಟಿಗೆ ಹೊಂಟೆ ಅಂದ್ರ ಮೋಟೆಬೆನ್ನೂರಿನ್ಯಾಗ ಇದ್ದವ್ರಿಗೆ ಗೊತ್ತಾಗತೈತಿ ನಾ ಬರಾಕತ್ತೇನಿ ಅಂತ. ವೈರು ಏನಂದ್ರ ಬೋರಿನ ಹಳೇ ಕೇಬಲ್ಲು.

ಸಪ್ತಾಪುರದಾಂವ
ಅಣ್ಣಾ, 4500 ವ್ಯಾಟ್ ಖರೇ ಇದ್ರ 12 ವೋಲ್ಟಿನ ಮ್ಯಾಲೆ 400 ಆಂಪಿಯರ್ ಹತ್ರ ಬೇಕು. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಸಾಮಾನ್ಯ 36 ಆಂಪಿಯರಿಂದು. ಆ ಆಂಪಿನ ಫ್ಯೂಸ್ ಎಷ್ಟಿಂದು ಅದ ನೋಡ್ರಿ, ಅದ ಖರೇ ಹೇಳ್ತದ.

ಬ್ಯಾಡಗಿ_ಖಾರ
30ರದ್ದು ಒಂದ.

ಸಪ್ತಾಪುರದಾಂವ
ಹಂಗಾದ್ರ ನಿಮ್ಮದು 250 ವ್ಯಾಟ್ ಆಂಪು. ಉಳದ 4,250 ಪೇಂಟಿನ್ಯಾಗ ಅದ.

ಚಿಗರಿ_ಬಸ್
😂😂😂 ಪೇಂಟಿನ್ಯಾಗ ಅದ

ಬ್ಯಾಡಗಿ_ಖಾರ
ಹೋಗ್ಲಿ ಬಿಡ್ರಿ, ನಮ್ಮ ಎತ್ತು ಹೆದರಾಕ ಅಷ್ಟ ಸಾಕು. ಮೊದಲ ಮಾಸ್ತರ ಸಿಕ್ಕಿದ್ರ ಆ ಆಂಪ್ ತಗೋತಿರ್ಲಿಲ್ಲ.

ನವಲಗುಂದ_ನಾಕ
ನಗೋದ ಮುಗದಿದ್ರ ಒಂದ ಗಂಭೀರ ಮಾತು. ಕೇಬಲ್ ದಪ್ಪ, ತಾಮ್ರ, ಎಲ್ಲಾ ಹೇಳಿದ್ರಿ, ಫ್ಯೂಸ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ.

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗನ ಗಾಡಿ. ಇದ ಥರಾ ಕಿಟ್. ಹಾಕಿದಾಂವ ಫ್ಯೂಸ್ ಡಬ್ಬಿ ಹಾಕಿದ್ದ, ಆದ್ರ ಡಿಕ್ಕ್ಯಾಗ, ಆಂಪಿನ ಬಾಜೂಕ. ಬ್ಯಾಟರಿ ಕಡೆ ಏನೂ ಇಲ್ಲ. ಬಾನೆಟ್ಟಿಂದ ಒಳಗ ಬರೋ ಕಡೆ ತಗಡಿಗೆ ತೂತು ಹೊಡದು ವೈರ್ ಹಂಗ ಎಳದಿದ್ದ, ತೂತಿನ ಅಂಚಿಗೆ ಹಾಕೋ ರಬ್ಬರ್ ಗ್ರೊಮೆಟ್ ಸುದ್ದಾ ಇಲ್ಲ. ಅಣ್ಣಿಗೇರಿ ದಾಟಿ ಬರಾಕತ್ತಿದ್ವಿ, ನಮ್ಮ ರಸ್ತೆ ನಿಮಗ ಗೊತ್ತ ಐತಿ, ಎರಿ ಮಣ್ಣು ಉಬ್ಬಿ ಇಳದು ಡಾಂಬರ ಎಲ್ಲಾ ತೆರಿ ತೆರಿ. ಕುಲುಕಿ ಕುಲುಕಿ ಆ ತಗಡಿನ ಅಂಚು ಸಿಪ್ಪಿ ಕೊರದು ತಾಮ್ರಕ್ಕ ಮುಟ್ಟೇತಿ. ಪ್ಲಸ್ ವೈರು ಬಾಡಿಗೆ ಹತ್ತಿದ್ರ ಏನಾಗತೈತಿ? ಬ್ಯಾಟರಿ ತನ್ನ ಕಡೆ ಇದ್ದ ನೂರಾರು ಆಂಪಿಯರ್ ಪೂರ್ತಿ ಸುರೀತೈತಿ, ತಡಿಯವ್ರು ಯಾರೂ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗ ಹೊಗಿ, ಪ್ಲಾಸ್ಟಿಕ್ ಸುಟ್ಟ ವಾಸನಿ, ಕಾರ್ಪೆಟ್ಟಿಗೆ ಹತ್ತಿತ್ತು. ಅಂವ ಬಾಟ್ಲಿ ನೀರ್ ಹಾಕಾಕ ಹೋಂಟಿದ್ದ, ನಾ ಬಾನೆಟ್ ತಗದು ಟರ್ಮಿನಲ್ ಹಿಡದ ಎಳದೆ, ಪುಣ್ಯಾಕ್ಕ ಬಿಗಿ ಮಾಡಿರಲಿಲ್ಲ ಆ ಪುಣ್ಯಾತ್ಮ. ಅಂಗೈ ಸುಟ್ಟಿತು. ಗಾಡಿ ಉಳೀತು, ವೈರಿಂಗ್ ಹಾರ್ನೆಸ್ ಬದಲಿ ಮಾಡ್ಸಾಕ ಸಿಕ್ಕಾಪಟ್ಟೆ ಖರ್ಚು, ಇನ್ಶೂರೆನ್ಸಿನವ್ರು "ಹೊರಗಿನ ವೈರಿಂಗ್ ನಮಗ ತಿಳಿಸಿರಲಿಲ್ಲ" ಅಂತ ಕೈ ಎತ್ತಿದ್ರು.

ಫ್ಯೂಸ್ ಇರೋದು ಆಂಪ್ ಕಾಯಾಕಲ್ಲ. ವೈರ್ ಕಾಯಾಕ. ಬ್ಯಾಟರಿಯಿಂದ ಒಂದೂವರಿ ಫೂಟಿನ ಒಳಗ ಇರಬೇಕು.

ಗೋಕುಲರೋಡ್_ಸ್ವಿಫ್ಟ್
ಅಯ್ಯೋ ಇದನ್ನ ಓದಿ ಹೋಗಿ ನೋಡಿ ಬಂದೆ. ಫ್ಯೂಸ್ ಬ್ಯಾಟರಿ ಹತ್ರ ಐತ್ರಿ, ಗಾಜಿನ ನಳಿಗೀದು, 100 ಆಂಪ್ ಅಂತ ಬರದೈತಿ. ಗ್ರೊಮೆಟ್ ಇಲ್ಲ! ಫ್ಯಾಕ್ಟರಿ ವೈರ್ ಹೋಗೋ ರಬ್ಬರ್ ಬಾಜೂಕ ತೂತು ಹೊಡದಾರ.

ವೈರಮನ್_ಕಾಕಾ
ಗಾಡಿ ಮುಟ್ಟಬ್ಯಾಡ, ಇವತ್ತ ಆ ಕೇಬಲ್ಲಿಂದು ಬ್ಯಾಟರಿ ತುದಿ ತಗದು ಟೇಪ್ ಸುತ್ತಿ ಇಡು. ನಾಳೆ ಮಾತಾಡೂಣು. 7.4 ತಾಮ್ರದಷ್ಟು ಇರೋ ವೈರಿಗೆ 100ರ ಫ್ಯೂಸ್ ಹಾಕಿದ್ರ ಫ್ಯೂಸ್ ಹೋಗೂ ಮೊದಲ ವೈರ್ ಹೋಗತೈತಿ. ಆ ವೈರಿಗೆ 40, ಭಾಳ ಅಂದ್ರ 50. ಹೊಸಾದು 25 ಸ್ಕ್ವೇರ್ ತಾಮ್ರ ಹಾಕಿದ್ರ 80 ಹಾಕು, ನಿನ್ನ ಎರಡೂ ಆಂಪಿಗೆ ಸಾಕು. ಗಾಜಿನ ನಳಿಗಿ ತಗದು ಎಎನ್‌ಎಲ್ ಪಟ್ಟಿ ಫ್ಯೂಸ್ ಹಾಕು, ಬೋಲ್ಟಿಲೆ ಬಿಗಿ ಆಗತೈತಿ. ಗಾಜಿನ ಫ್ಯೂಸಿನ ಟೊಪ್ಪಿಗಿ ಕಾದು ಸಡ್ಲಾಗಿ ಎಷ್ಟ ಬಂದಾವ ನನ್ನ ಹತ್ರ.

ಬೆಂಗ್ಳೂರಾಗಿನ_ಹುಬ್ಳಿ
ಹೆಡ್‌ಲೈಟ್ ಮಿಣಕೋದಕ್ಕ ಕೆಪಾಸಿಟರ್ ಹಾಕ್ಸು. 1 ಫ್ಯಾರಡ್. ನೀಲಿ ಡಿಸ್‌ಪ್ಲೇ ಬರತೈತಿ ಮಸ್ತ್ ಕಾಣತೈತಿ.

ಸಪ್ತಾಪುರದಾಂವ
ಮಸ್ತ್ ಕಾಣ್ತದ, ಅಷ್ಟ. 1 ಫ್ಯಾರಡ್ ಕೆಪಾಸಿಟರ್ 14.4ರಿಂದ 13.4 ವೋಲ್ಟಿಗೆ ಇಳಿಯೂದ್ರಾಗ ಕೊಡೋದು ಸುಮಾರು 14 ಜೌಲ್. ಇವ್ರ ಮೊನೊ ಆಂಪ್ ಫುಲ್ ಹೊಡದಾಗ ಸೆಕೆಂಡಿಗೆ 375 ಜೌಲ್ ತಿಂತದ. ಸೆಕೆಂಡಿನ 25ನೇ ಒಂದ ಭಾಗಕ್ಕ ಖಾಲಿ. ಆಮ್ಯಾಲೆ ಅದನ್ನ ತುಂಬಸೂದೂ ಅದ ಆಲ್ಟರ್ನೇಟರ್‌ನ ಕೆಲಸ.

ರಾಣೆಬೆನ್ನೂರ_ಟ್ಯಾಕ್ಸಿ
ಎಲ್ಲಾರೂ ಶ್ಯಾಣ್ಯಾ ಇದ್ದೀರಿ, ಒಂದ ಮಾತ ತಪ್ಪಿತು. ಹೆಡ್‌ಲೈಟಿಗೂ ಆಂಪಿನ ಕೇಬಲ್ಲಿಗೂ ಏನ್ ಸಂಬಂಧ? ಹೆಡ್‌ಲೈಟ್ ಕರೆಂಟ್ ತಗೊಳ್ಳೋದು ಮುಂದಿನಿಂದ. ಆಂಪಿನ ವೈರ್‌ನ್ಯಾಗ ವೋಲ್ಟ್ ಸೋರಿದ್ರ ಆಂಪಿಗೆ ಕಡಿಮಿ ಬರತೈತಿ, ಲೈಟಿಗೆ ಅಲ್ಲ. ಲೈಟ್ ಮಿಣಕತಾವು ಅಂದ್ರ ಬ್ಯಾಟರಿ ಹತ್ರನ ವೋಲ್ಟ್ ಬೀಳಾಕತ್ತೈತಿ. ಸಿಗ್ನಲ್‌ನ್ಯಾಗ ನಿಂತಾಗ ಅಂತ ಅವ್ರ ಹೇಳ್ಯಾರ ನೋಡ್ರಿ, ಐಡಲ್‌ನ್ಯಾಗ ಆಲ್ಟರ್ನೇಟರ್ ಪೂರ್ತಿ ಕೊಡಂಗಿಲ್ಲ, ಏಸಿ ಹಚ್ಚಿರ್ತಾರ, ಫ್ಯಾನ್ ತಿರುಗ್ತಿರತೈತಿ, ಬ್ಯಾಟರಿ ನೋಡಿದ್ರ 35 ಎಎಚ್. ಬ್ಯಾಟರಿ ಎಷ್ಟ ಹಳೇದ್ರಿ? ಒಳ್ಳೆ ಕೇಬಲ್ ಹಾಕಿದ ಮ್ಯಾಲೆ ಆಂಪು ಇನ್ನೂ ಚಂದಂಗಿ ಎಳೀತೈತಿ, ಲೈಟು ಇನ್ನೂ ಒಂದ ಗುಂಜಿ ಹೆಚ್ಚ ಮಿಣಕತಾವು ಬೇಕಾದ್ರ ಬರದಿಟ್ಕೋರಿ.

ಸಪ್ತಾಪುರದಾಂವ
ಒಪ್ಪಿದೆ. ನಾ ಕೇಬಲ್ ಲೆಕ್ಕದಾಗ ಮುಳುಗಿ ಲೈಟಿನ ಮಾತು ಮರತಿದ್ದೆ.

ಗೋಕುಲರೋಡ್_ಸ್ವಿಫ್ಟ್
ಬ್ಯಾಟರಿ ನಾಕ ವರ್ಷ ಆತ್ರಿ. ಅಂದ್ರ ಈಗ ಕೇಬಲ್ಲೂ ತರಬೇಕು ಬ್ಯಾಟರಿನೂ ತರಬೇಕಾ? ಮನ್ಯಾಗ ಹೆಂಗ ಹೇಳ್ಲಿ 😭

ಚಿಗರಿ_ಬಸ್
ಹಾಡ ಹಚ್ಚಿ ಹೇಳು. ಕೇಳ್ಸಂಗಿಲ್ಲ.

ರಾಣೆಬೆನ್ನೂರ_ಟ್ಯಾಕ್ಸಿ
ತಡೀರಿ, ಮೊದಲ ರೊಕ್ಕ ಇಲ್ಲದ್ದ ಮಾಡ್ರಿ. ಇಂಜಿನ್ನಿಂದ ಬಾಡಿಗೆ ಬರೋ ಅರ್ಥ್ ಪಟ್ಟಿ, ಬ್ಯಾಟರಿ ಮೈನಸ್ಸಿಂದ ಬಾಡಿಗೆ ಹೋಗೋ ವೈರು, ಎರಡೂ ಬಿಚ್ಚಿ ಸ್ಯಾಂಡ್‌ಪೇಪರಿಲೆ ತಿಕ್ಕಿ ಹಾಕ್ರಿ. ಹತ್ತ ವರ್ಷದ ಗಾಡ್ಯಾಗ ಅಲ್ಲಿ ಹಸರ ಪಾಚಿ ಕಟ್ಟಿರತೈತಿ. ಆಮ್ಯಾಲೆ ಆಲ್ಟರ್ನೇಟರ್ ಪ್ಲಸ್ಸಿಂದ ಬ್ಯಾಟರಿ ಪ್ಲಸ್ಸಿಗೆ, ಮೈನಸ್ಸಿಂದ ಬಾಡಿಗೆ, ಇಂಜಿನ್ನಿಂದ ಬಾಡಿಗೆ, ಈ ಮೂರೂ ಕಡೆ ಇದ್ದ ವೈರಿನ ಜೋಡಿ ಒಂದೊಂದ ದಪ್ಪನ್ನ ವೈರ್ ಹಾಕ್ರಿ. ಬಿಗ್ ಥ್ರೀ ಅಂತಾರ ಇದಕ್ಕ. ಉಳದ ಕೇಬಲ್ ತುಂಡಿನ್ಯಾಗ ಆಗತೈತಿ. ಪ್ಲಸ್ ವೈರಿಗೆ ಫ್ಯೂಸ್ ಮರೀಬ್ಯಾಡ್ರಿ.

ಲಕ್ಷ್ಮೇಶ್ವರದಾಕಿ
ಅರ್ಥ್ ಮಾತು ಬಂತು ಅಂತ ಕೇಳ್ತೇನಿ, ಡಿಕ್ಕ್ಯಾಗ ಆಂಪಿನ ಮೈನಸ್ ಎಲ್ಲಿ ಹಚ್ಚ್ಯಾರ ನೋಡಿ ಹೇಳ್ರಿ. ಪ್ಲಸ್ಸಿಗೆ ಎಷ್ಟ ದಪ್ಪ ಹಾಕ್ತೀರಿ ಮೈನಸ್ಸಿಗೂ ಅಷ್ಟ ದಪ್ಪ ಬೇಕು, ಒಂದೂವರಿ ಫೂಟ್ ಒಳಗ, ಪೇಂಟ್ ಕೆರದು ಬಿಳಿ ತಗಡ ಕಾಣಬೇಕು.

ಗೋಕುಲರೋಡ್_ಸ್ವಿಫ್ಟ್
ಸೀಟ್ ಬೆಲ್ಟ್ ಬೋಲ್ಟಿಗೆ ಹಚ್ಚ್ಯಾನ್ರಿ. ಪೇಂಟ್ ಹಂಗ ಐತಿ. ವೈರು ಕಿರಿಬೆಟ್ಟಿಗಿಂತ ಸಣ್ಣದು.

ಲಕ್ಷ್ಮೇಶ್ವರದಾಕಿ
🤦‍♀️

ವೈರಮನ್_ಕಾಕಾ
ಸೀಟ್ ಬೆಲ್ಟ್ ಬೋಲ್ಟ್ ಜೀವ ಉಳಸಾಕ ಐತಿ, ಅದನ್ನ ಬಿಚ್ಚಿ ವೈರ್ ಸಿಕ್ಕಿಸಬಾರ್ದು. ಅದು ಅಂಟು ಹಚ್ಚಿ ಕೂಡ್ಸಿದ ಬೋಲ್ಟು, ಅರ್ಥೂ ಬರೋಬ್ಬರಿ ಹಿಡಿಯಂಗಿಲ್ಲ.

ಮೋಡಕಾ_ಮಾಮಾ
ಮನಿ ವೈರಿಂಗಿನ 16 ಸ್ಕ್ವೇರ್ ವೈರು ನಡೆಯಂಗಿಲ್ಲೇನ್ರಿ? ನಮ್ಮಲ್ಲಿ ಹೊಸಾ ತುಂಡು ಬರ್ತಾವು.

ಲಕ್ಷ್ಮೇಶ್ವರದಾಕಿ
ತಾಮ್ರ ತಾಮ್ರನ ಮಾಮಾ, ಆದ್ರ ಎಳಿ ದಪ್ಪ ಇರ್ತಾವು, ಬಾಗಾಕ ತ್ರಾಸ. ಸಿಪ್ಪಿ 70 ಡಿಗ್ರಿಯ ಪಿವಿಸಿ, ಬಾನೆಟ್ ಒಳಗ ಬ್ಯಾಸಗ್ಯಾಗ ಮ್ಯಾಲಿಂದ ಜಾಲಿ ಪೈಪ್ ಹಾಕಿದ್ರೂ ನನಗ ಧೈರ್ಯ ಬರಂಗಿಲ್ಲ. ಒಳಗಿನ ಅರ್ಥ್ ತುಂಡಿಗೆ ಬೇಕಾದ್ರ ಹಾಕಬಹುದು.

ನವಲಗುಂದ_ನಾಕ
ಮತ್ತ ಸಿಸಿಎ ಅಂದ್ರ ಪೂರ್ತಿ ಕಸಾನೂ ಅಲ್ಲ. ಸಿಸಿಎ ಅಂತ ಖರೇ ಹೇಳಿ, ಖರೇ ಸೈಜ್ ಕೊಟ್ರ ಎರಡ ಗೇಜ್ ಏರಿಸಿ ಹಾಕ್ಕೋಬಹುದು. 4 ಗೇಜ್ ತಾಮ್ರದ ಜಾಗಾಕ್ಕ 2 ಗೇಜ್ ಸಿಸಿಎ, ಕರೆಂಟ್ ಸರೀ ಹರೀತೈತಿ. ತಕರಾರ ಇರೋದು ಸುಳ್ಳ ಬರದು ಮಾರೋರ ಮ್ಯಾಲೆ.

ವೈರಮನ್_ಕಾಕಾ
ನಾ ಹಾಕಂಗಿಲ್ಲ. ಲಗ್‌ದಾಗ ಜರಿಯೂದ ಹೇಳೇನಿ.

ನವಲಗುಂದ_ನಾಕ
ನೀವ ಹಾಕಬ್ಯಾಡ್ರಿ ಕಾಕಾ, ರೊಕ್ಕ ಇಲ್ದವ್ರ ಮಾತ ಹೇಳಿದೆ.

ಬ್ಯಾಡಗಿ_ಖಾರ
ಎಲ್ಲಾ ಸರೀ ಹಾಕಿ ರಾತ್ರಿ ಹತ್ತರ ಮ್ಯಾಲೆ ಓಣ್ಯಾಗ ಹಚ್ಚಿದ್ರ ಪೊಲೀಸ್ರು ಬಂದು ವೈರ್ ಕಿತ್ತುಕೊಂಡ ಹೋಗ್ತಾರ, ಅವ್ರು ಓಎಫ್‌ಸಿನೋ ಸಿಸಿಎನೋ ಕೇಳಂಗಿಲ್ಲ. ಗಣಪತ್ಯಾಗ ನನಗ ಆಗೈತಿ ಅನುಭವ.

ಚಿಗರಿ_ಬಸ್
ಹಳೇ ಕೇಬಲ್ ಬಿಚ್ಚೂ ದಿನ ಹೇಳ್ರಿ, ಗಿರ್ಮಿಟ್ ಮಿರ್ಚಿ ತಗೊಂಡ ಬರ್ತೇನಿ. ಕೆಲಸ ಬರಂಗಿಲ್ಲ, ತಿನ್ನಾಕ ಬರತೈತಿ.

ಗೋಕುಲರೋಡ್_ಸ್ವಿಫ್ಟ್
ಐತವಾರ ಪೂರ್ತಿ ಇದ ಕೆಲಸ ಆತ್ರಿ. ಸುದ್ದಿ ಹೇಳ್ತೇನಿ.

ಮೊದಲ ಹಳೇ ಕೇಬಲ್ ಬಿಚ್ಚಿ ಮಾವನ ಕಿರಾಣಿ ಅಂಗಡಿ ತಕ್ಕಡ್ಯಾಗ ಇಟ್ವಿ. ಐದ ಮೀಟರು, ಸಿಪ್ಪಿ ಸಮೇತ 490 ಗ್ರಾಂ! ಅರ್ಧಾ ಕೇಜಿ ಸಕ್ರಿಗಿಂತ ಹಗುರ. ಅದನ್ನ ತಗೊಂಡು ಹಾಕಿದ ಅಂಗಡಿಗೆ ಹೋದೆ, ಜಗಳಾ ಮಾಡ್ಲಿಲ್ಲ, ಎಳಿ ಕೆರದು ತೋರಿಸ್ದೆ. "ನಮಗೂ ಕಂಪನ್ಯಾವ್ರು ಹಿಂಗ ಕೊಡ್ತಾರ್ರಿ" ಅಂದ. 700 ವಾಪಸ್ ಕೊಟ್ಟ, ಆರ್‌ಸಿಎ ವೈರಿಂದು ಮುರಕೊಂಡು.

ಲಕ್ಷ್ಮೇಶ್ವರದ ಅಕ್ಕಾರು ಹೇಳಿದ 25 ಸ್ಕ್ವೇರ್ ವೆಲ್ಡಿಂಗ್ ಕೇಬಲ್ 7 ಮೀಟರ್ ತಂದೆ, ಲಗ್ಗು, ಎಎನ್‌ಎಲ್ ಹೋಲ್ಡರು, 80ರ ಫ್ಯೂಸು, ರಬ್ಬರ್ ಗ್ರೊಮೆಟ್ಟು, ಡಿಕ್ಕ್ಯಾಗ ಎರಡ ಆಂಪಿಗೆ ಬ್ಯಾರೆ ಬ್ಯಾರೆ ಫ್ಯೂಸ್ ಇರೋ ಡಬ್ಬಿ. ಎಲ್ಲಾ ಕೂಡಿ 3,350 ಆತು. ಪವರ್ ಕೇಬಲ್ ಡ್ರೈವರ್ ಬಾಜೂಕಿಂದ, ಆರ್‌ಸಿಎ ಆ ಕಡಿಂದ ಒಯ್ದೆ. ಅರ್ಥ್‌ಗೆ ಡಿಕ್ಕಿ ತಳದಾಗ ಪೆಟ್ರೋಲ್ ಟಾಂಕಿ ಎಲ್ಲೈತಿ ಕೆಳಗ ಬಗ್ಗಿ ನೋಡ್ಕೊಂಡು ಆಮ್ಯಾಲೆ ತೂತು ಹೊಡದೆ.

ಈಗ ಮೀಟರ್ ಲೆಕ್ಕ. ಬಿಚ್ಚೂ ಮೊದಲ, ಅದ ಹಾಡು ಅದ ವಾಲ್ಯೂಮ್, ಬೇಸ್ ಹೊಡದಾಗ ಬ್ಯಾಟರಿ ಮ್ಯಾಲೆ 13.6, ಆಂಪಿನ ಮ್ಯಾಲೆ 12.7. ಒಂದ ತುದಿ ಬ್ಯಾಟರಿಗೆ ಒಂದ ತುದಿ ಆಂಪಿಗೆ ಉದ್ದ ವೈರ್ ಕಟ್ಟಿ ಅಳದ್ರ ಪ್ಲಸ್ ಕೇಬಲ್ಲಿನ್ಯಾಗ 0.5 ಹೋಗಾಕತ್ತಿತ್ತು, ಉಳದ 0.4 ಆ ದರಿದ್ರ ಸೀಟ್ ಬೆಲ್ಟ್ ಅರ್ಥಿನ್ಯಾಗ! ನಾ ಬರೇ 4,800ರ ಓಎಫ್‌ಸಿ ಹಾಕ್ಸಿ ಅರ್ಥ್ ಹಂಗ ಬಿಟ್ಟಿದ್ರ ಅರ್ಧಾ ತಂಟೆ ಹಂಗ ಉಳೀತಿತ್ತು. ಈಗ ಬ್ಯಾಟರಿ 13.5, ಆಂಪು 13.3. ಸಬ್ ಎದಿಗೆ ಬಡೀತೈತಿ. ಕೇಬಲ್ ತಣ್ಣಗ.

ಹೆಡ್‌ಲೈಟ್ ಇನ್ನೂ ಮಿಣಕತಾವು. ಟ್ಯಾಕ್ಸಿ ಅಣ್ಣಾ ನೀವ ಗೆದ್ರಿ.

ರಾಣೆಬೆನ್ನೂರ_ಟ್ಯಾಕ್ಸಿ
ಬರದಿಟ್ಕೋರಿ ಅಂದಿದ್ದೆ. ಬ್ಯಾಟರಿ ಅಂಗಡ್ಯಾಗ ಲೋಡ್ ಟೆಸ್ಟ್ ಮಾಡ್ಸ್ರಿ, ಪುಕ್ಕಟ ಮಾಡ್ತಾರ. ಹೋಗಿದ್ರ ಅಷ್ಟ ತರ್ರಿ. 13.5 ಅಂದ್ರ ಆಲ್ಟರ್ನೇಟರ್ ಪಾಡ ಐತಿ.

ಸಪ್ತಾಪುರದಾಂವ
ಅರ್ಥಿನ್ಯಾಗ 0.4! ನೋಡ್ರಿ, ನಾ ಲೆಕ್ಕಾ ಹಾಕಿದಾಗ ಮೈನಸ್ ಕಡೆ ಸೊನ್ನಿ ಅಂತ ಹಿಡದಿದ್ದೆ. ಕಾಗದದ ಮ್ಯಾಲೆ ಬಾಡಿ ಯಾವಾಗ್ಲೂ ಸೊನ್ನಿನ ಇರ್ತದ.

ಬೆಂಗ್ಳೂರಾಗಿನ_ಹುಬ್ಳಿ
ಭಾಯ್ ನಾನೂ ಇವತ್ತ ನಂದ 1/0 ಕೇಬಲ್ ತುದಿ ಕೆರದ ನೋಡ್ದೆ.

ಚಿಗರಿ_ಬಸ್
ಮತ್ತ?

ಬೆಂಗ್ಳೂರಾಗಿನ_ಹುಬ್ಳಿ
ಮೋಡಕಾ ಮಾಮಾ, ಅಲ್ಯುಮಿನಿಯಂ ಏನ್ ರೇಟ್ ನಡದೈತಿ?